ಸಂತೆಯ ಚೀಲ: ಮದೀನಾದ ಪೇಟೆಯಿಂದ ನಮ್ಮ ಅಡುಗೆಮನೆಯವರೆಗೆ

ಪವಿತ್ರ ಕುರ್‌ಆನಿನ ‘ಅಲ್‌ಕಹ್ಫ್’ ಅಧ್ಯಾಯವನ್ನು ನಮ್ಮಲ್ಲಿ ಅನೇಕರು ಪ್ರತಿ ಜುಮಾದಂದು ಓದುತ್ತಾರೆ. ಗುಹೆಯಲ್ಲಿ ಶತಮಾನಗಳ ಕಾಲ ನಿದ್ರಿಸಿ ಎದ್ದ ಯುವಕರ ಕಥೆ ನಮ್ಮ ಮದ್ರಸದ ಪುಟ್ಟ ಮಕ್ಕಳಿಗೂ ಗೊತ್ತು. ಆ ಕಥೆಯ ನಡುವೆ ಪೇಟೆಗೆ ಹೋಗುವ ಒಂದು ಪ್ರಸಂಗ ಬರುತ್ತದೆ. ಅದರ ಮೇಲೆ ನಮ್ಮ ಗಮನ ನಿಲ್ಲುವುದು ಕಡಿಮೆ. ಎಚ್ಚರಗೊಂಡ ಯುವಕರಿಗೆ ಹಸಿವು. ತಮ್ಮಲ್ಲೊಬ್ಬನ ಕೈಗೆ ಬೆಳ್ಳಿ ನಾಣ್ಯ ಕೊಟ್ಟು ಪಟ್ಟಣಕ್ಕೆ ಕಳಿಸುತ್ತಾರೆ. ಸಿಕ್ಕಿದ್ದನ್ನು ತಾ ಎಂದು ಅವರು ಹೇಳುವುದಿಲ್ಲ. ಅತ್ಯಂತ ಶುದ್ಧವಾದ ಆಹಾರ ಯಾವುದೆಂದು ನೋಡಿ ಅದರಿಂದ ಒಂದಿಷ್ಟು ತರಬೇಕು, ನಯವಾಗಿ ನಡೆದುಕೊಳ್ಳಬೇಕು ಎಂದು ಹೇಳಿ ಕಳಿಸುತ್ತಾರೆ (18:19). ಅಷ್ಟು ಹಸಿವಿನಲ್ಲೂ ಕೊಳ್ಳುವ ಮೊದಲು ನೋಡಬೇಕೆಂಬ ಎಚ್ಚರ ಅವರಿಗಿತ್ತು.

ದುಂದುವೆಚ್ಚದ ಕುರಿತು ನಾವು ಜುಮಾ ಖುತ್ಬಾಗಳಲ್ಲಿ ಆಗಾಗ ಕೇಳುತ್ತೇವೆ. ತಟ್ಟೆಯಲ್ಲಿ ಅನ್ನ ಬಿಡಬಾರದು, ನಲ್ಲಿಯ ನೀರು ಸುಮ್ಮನೆ ಹರಿಯಬಾರದು ಎಂಬ ಮಾತುಗಳು ನಮಗೆ ಹೊಸದಲ್ಲ. ಆದರೆ ದುಂದು ಶುರುವಾಗುವುದು ತಟ್ಟೆಯಲ್ಲಲ್ಲ, ಅಂಗಡಿಯ ಮುಂದೆ. ಮನೆಗೆ ಬಂದ ಮೇಲೆ ಕಸವಾಗುವ ವಸ್ತು ಕಸವಾಗಿಯೇ ತೀರುತ್ತದೆ. ಅದನ್ನು ತಡೆಯಲು ಸಾಧ್ಯವಿರುವುದು ಕೊಳ್ಳುವ ಗಳಿಗೆಯಲ್ಲಿ ಮಾತ್ರ. ಮುಸ್ಲಿಮ್ ಸಮಾಜದ ಇತಿಹಾಸದಲ್ಲಿ ಈ ತಿಳಿವಳಿಕೆ ಹೇಗೆ ಬೆಳೆದು ಬಂತು, ಅದು ನಮ್ಮ ಕೈಯಿಂದ ಯಾವಾಗ ಜಾರಿತು ಎಂಬುದನ್ನು ಸಂತೆಯ ಚೀಲವೊಂದನ್ನು ಹಿಡಿದುಕೊಂಡು ನೋಡೋಣ.

ಅಳೆದು ಕೊಳ್ಳುವ ಪೇಟೆ

ಮದೀನಾಕ್ಕೆ ಬಂದ ಪ್ರವಾದಿ ಮುಹಮ್ಮದ್(ಸ) ಮಸೀದಿಯನ್ನು ಕಟ್ಟಿಸಿದರು, ಜೊತೆಗೆ ಮುಸ್ಲಿಮರಿಗೆಂದು ಒಂದು ಮಾರುಕಟ್ಟೆಯ ಜಾಗವನ್ನೂ ಗೊತ್ತುಮಾಡಿದರು. ಅಲ್ಲಿ ಸುಂಕವಿರಲಿಲ್ಲ. ಯಾರೂ ಶಾಶ್ವತವಾಗಿ ಜಾಗ ಹಿಡಿದುಕೊಳ್ಳುವಂತಿರಲಿಲ್ಲ. ಗೋಧಿ, ಜವೆ, ಖರ್ಜೂರ, ಒಣದ್ರಾಕ್ಷಿ ಎಲ್ಲವೂ ರಾಶಿಯಲ್ಲಿ ಬಿಡಿಯಾಗಿ ಇರುತ್ತಿದ್ದವು. ‘ಮುದ್ದ್’ ಎಂದರೆ ಎರಡೂ ಕೈಗಳ ಬೊಗಸೆ ತುಂಬುವಷ್ಟು. ಅಂಥ ನಾಲ್ಕು ಮುದ್ದ್ ಸೇರಿದರೆ ಒಂದು ‘ಸಾಅ್’. ನಾವು ಇಂದಿಗೂ ಫಿತ್ರ್ ಝಕಾತನ್ನು ಲೆಕ್ಕ ಹಾಕುವುದು ಇದೇ ಸಾಅ್‌ನಿಂದ. ಅಂದರೆ ಪ್ರತಿ ಈದುಲ್ ಫಿತ್ರ್‌ನಲ್ಲೂ ಮದೀನಾದ ಪೇಟೆಯ ಅಳತೆ ನಮ್ಮ ಮನೆಗೆ ಬಂದು ಹೋಗುತ್ತದೆ.

ಧಾನ್ಯವನ್ನು ಅಳೆದುಕೊಳ್ಳಿ, ಅದರಲ್ಲಿ ಬರಕತ್ ಇದೆ ಎಂಬ ಅರ್ಥದ ಪ್ರವಾದಿ ವಚನ ಸಹೀಹ್ ಬುಖಾರಿಯಲ್ಲಿದೆ. ಅಳೆದು ಕೊಳ್ಳುವವರಿಗೆ ಮನೆಯಲ್ಲಿ ಎಷ್ಟಿದೆ, ಎಷ್ಟು ಬೇಕು ಎಂಬ ಲೆಕ್ಕ ಇರಲೇಬೇಕು. ಅದೇ ಬುಖಾರಿಯಲ್ಲಿ, ಪ್ರವಾದಿಯವರು(ಸ) ತಮ್ಮ ಕುಟುಂಬಕ್ಕಾಗಿ ಒಂದು ವರ್ಷದ ಆಹಾರವನ್ನು ತೆಗೆದಿರಿಸುತ್ತಿದ್ದರೆಂಬ ಹ. ಉಮರ್(ರ)ರ ವರದಿಯೂ ಇದೆ. ಜನ ಹಸಿದಿರುವಾಗ ಬೆಲೆ ಏರಲೆಂದು ಸರಕನ್ನು ಬಚ್ಚಿಡುವುದನ್ನು ಇಸ್ಲಾಮ್ ಪಾಪವೆಂದಿತು. ಆದರೆ ಸುಗ್ಗಿಯ ಕಾಲದಲ್ಲಿ ಮನೆಗೆ ಬೇಕಾದಷ್ಟನ್ನು ಒಮ್ಮೆಲೇ ತಂದಿಡುವುದನ್ನು ಅನುಮತಿಸಿತು. ಎರಡರ ನಡುವಿನ ಗೆರೆ ಸ್ಪಷ್ಟವಾಗಿದೆ. ಮನೆಯ ಅಗತ್ಯಕ್ಕೆಂದು ಕೂಡಿಟ್ಟರೆ ಅದು ಮುಂದಾಲೋಚನೆ, ಇನ್ನೊಬ್ಬರ ಅಗತ್ಯವನ್ನು ಕಿತ್ತುಕೊಂಡರೆ ಅದು ಅನ್ಯಾಯ.

ಮನೆಗೆ ಬಂದ ವಸ್ತುವಿನ ಕಥೆಯೂ ಅಷ್ಟೇ ಮುಖ್ಯ. ಪ್ರವಾದಿಯವರು(ಸ) ತಮ್ಮ ಪಾದರಕ್ಷೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಬಟ್ಟೆಗೆ ತೇಪೆ ಹಾಕಿಕೊಳ್ಳುತ್ತಿದ್ದರು ಎಂದು ಹ. ಆಯಿಶಾ(ರ) ಹೇಳಿದ್ದಾರೆ. ಆಯಿಶಾರ(ರ) ಮನೆಯ ಚಿತ್ರಗಳಿದ್ದ ಪರದೆಯೊಂದನ್ನು ಪ್ರವಾದಿಯವರು(ಸ) ಒಪ್ಪದಿದ್ದಾಗ ಆ ಬಟ್ಟೆ ಕಸಕ್ಕೆ ಹೋಗಲಿಲ್ಲ. ಅದನ್ನು ಕತ್ತರಿಸಿ ದಿಂಬು ಮಾಡಲಾಯಿತು. ಇನ್ನೊಮ್ಮೆ ದಾರಿಯಲ್ಲಿ ಸತ್ತು ಬಿದ್ದ ಆಡೊಂದು ಪ್ರವಾದಿಯವರ(ಸ) ಕಣ್ಣಿಗೆ ಬಿತ್ತು. ಅದು ಹ. ಮೈಮೂನಾ(ರ)ರ ಸೇವಕಿಗೆ ಸದಕಾ ಆಗಿ ಸಿಕ್ಕಿದ್ದ ಆಡು. ಇದರ ಚರ್ಮವನ್ನು ಹದಮಾಡಿ ಏಕೆ ಬಳಸಿಕೊಳ್ಳಲಿಲ್ಲ ಎಂದು ಅವರು ಕೇಳಿದರು. ಅದು ಸತ್ತ ಪ್ರಾಣಿಯಲ್ಲವೇ ಎಂದಾಗ, ನಿಷಿದ್ಧವಾಗಿರುವುದು ತಿನ್ನುವುದು ಮಾತ್ರ ಎಂದು ತಿಳಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಈ ಘಟನೆಯಿಂದ ವಿದ್ವಾಂಸರು ಚರ್ಮದ ಶುದ್ಧಿಯ ನಿಯಮಗಳನ್ನು ತೆಗೆದರು. ನಮಗೆ ಇದರಲ್ಲಿ ಇನ್ನೊಂದು ಪಾಠವೂ ಕಾಣುತ್ತದೆ. ಉಪಯೋಗ ಉಳಿದಿರುವ ವಸ್ತುವನ್ನು ಎಸೆದರೆ ಅದಕ್ಕೂ ಕಾರಣ ಕೇಳುವವರಿದ್ದರು.

ಆಸೆಯಾದ ಕೂಡಲೇ ಕೊಳ್ಳುವುದರ ಕುರಿತೂ ಆ ತಲೆಮಾರು ಎಚ್ಚರದಿಂದಿತ್ತು. ಹ. ಜಾಬಿರ್(ರ) ಮಾಂಸ ಹಿಡಿದುಕೊಂಡು ಹೋಗುವುದನ್ನು ಕಂಡ ಖಲೀಫ ಉಮರ್(ರ) ಏನದು ಎಂದು ವಿಚಾರಿಸಿದರು. ಮಾಂಸ ತಿನ್ನುವ ಆಸೆಯಾಯಿತು, ಒಂದು ದಿರ್ಹಮಿನದು ಕೊಂಡೆ ಎಂದರು ಜಾಬಿರ್(ರ). ನೆರೆಯವನಿಗಾಗಿ, ಬಂಧುವಿಗಾಗಿ ತನ್ನ ಹೊಟ್ಟೆಯನ್ನು ಸ್ವಲ್ಪ ಬಿಗಿಹಿಡಿಯುವ ಮನಸ್ಸು ನಿಮಗಿಲ್ಲವೇ ಎಂಬರ್ಥದಲ್ಲಿ ಉಮರ್(ರ) ಪ್ರಶ್ನಿಸಿದರೆಂದು ಇಮಾಮ್ ಮಾಲಿಕ್‌ರ ‘ಮುವತ್ತಾ’ ವರದಿ ಮಾಡುತ್ತದೆ. ಒಂದು ದಿರ್ಹಮಿನ ಮಾಂಸ ಹರಾಮ್ ಆಗಿರಲಿಲ್ಲ. ಆದರೂ ಕೊಳ್ಳುವವನ ಕೈಯಲ್ಲಿರುವುದು ಬರೀ ಅವನದೇ ವಿಷಯವಲ್ಲ ಎಂಬ ಭಾವನೆ ಅಲ್ಲಿತ್ತು.

ರಾಶಿಯೊಳಗೆ ಕೈಹಾಕಿ ನೋಡಿದವರು

ಬಿಡಿಯಾಗಿ ಮಾರುವ ಪೇಟೆಗೆ ಒಂದು ದೌರ್ಬಲ್ಯವಿದೆ. ಕಲಬೆರಕೆ ಸುಲಭ. ಒಮ್ಮೆ ಪ್ರವಾದಿಯವರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟರು. ಒಳಗೆ ತೇವವಿತ್ತು. ಮಳೆ ಬಿದ್ದು ಹಾಗಾಯಿತು ಎಂದ ವ್ಯಾಪಾರಿ. ಹಾಗಾದರೆ ಒದ್ದೆಯಾದುದನ್ನು ಜನರಿಗೆ ಕಾಣುವಂತೆ ಮೇಲಿಡಬಾರದೇ ಎಂದು ಕೇಳಿ, ವಂಚಿಸುವವನು ನಮ್ಮವನಲ್ಲ ಎಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಘಟನೆಯನ್ನು ನಾವು ವ್ಯಾಪಾರಿಗಳಿಗೆ ಬುದ್ಧಿ ಹೇಳಲು ಬಳಸುತ್ತೇವೆ. ಗ್ರಾಹಕರಿಗೂ ಇದರಲ್ಲಿ ಪಾಠವಿದೆ: ಬಿಡಿಯಾಗಿ ಕೊಳ್ಳುವ ಪೇಟೆ ನಿಲ್ಲುವುದು ನಂಬಿಕೆಯ ಮೇಲೆ.

ಆ ನಂಬಿಕೆಯನ್ನು ಕಾಯಲು ಒಂದು ವ್ಯವಸ್ಥೆಯೇ ಬೆಳೆಯಿತು. ಹ. ಉಮರ್(ರ) ಅಕ್ಷರ ಬಲ್ಲ ಸಹಾಬಿ ಮಹಿಳೆ ಶಿಫಾ ಬಿಂತ್ ಅಬ್ದುಲ್ಲಾ(ರ)ರಿಗೆ ಪೇಟೆಯ ಕೆಲವು ಜವಾಬ್ದಾರಿಗಳನ್ನು ಒಪ್ಪಿಸಿದ್ದರೆಂದು ಇತಿಹಾಸಕಾರರು ಬರೆದಿದ್ದಾರೆ. ಮುಂದಿನ ಶತಮಾನಗಳಲ್ಲಿ ‘ಹಿಸ್ಬಾ’ ಎಂಬ ಇಲಾಖೆ ರೂಪುಗೊಂಡಿತು. ಅದರ ಅಧಿಕಾರಿ ‘ಮುಹ್ತಸಿಬ್’. ತೂಕದ ಬಟ್ಟು, ಅಳತೆಯ ಪಾತ್ರೆ, ಆಹಾರದ ಶುಚಿತ್ವ, ಬೀದಿಯ ಸ್ವಚ್ಛತೆ ಎಲ್ಲವೂ ಅವನ ಕಣ್ಗಾವಲಿನಲ್ಲಿದ್ದವು.

12ನೇ ಶತಮಾನದಲ್ಲಿ ಸಿರಿಯಾದ ಅಶ್ಶೈಝರಿ ಮುಹ್ತಸಿಬ್‌ಗಳಿಗಾಗಿ ಬರೆದ ಕೈಪಿಡಿ ಇಂದಿಗೂ ಉಳಿದಿದೆ. ಅದನ್ನು ಓದುವಾಗ ಇಂದಿನ ಆಹಾರ ಸುರಕ್ಷತೆಯ ನಿಯಮಗಳು ನೆನಪಾಗುತ್ತವೆ. ರೊಟ್ಟಿಯ ಭಟ್ಟಿಗಳಿರುವ ಅಂಗಡಿಯ ಮಾಡು ಎತ್ತರವಿರಬೇಕು, ಹೊಗೆ ಹೊರಹೋಗಲು ದಾರಿಯಿರಬೇಕು. ಹಿಟ್ಟು ನಾದುವವನು ಸೀನಿದರೆ ಹಿಟ್ಟಿಗೆ ಬೀಳದಂತೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಬೇಕು. ಹಗಲಲ್ಲಿ ನಾದುವಾಗ ನೊಣ ಓಡಿಸಲು ಒಬ್ಬ ಪಕ್ಕದಲ್ಲಿ ನಿಲ್ಲಬೇಕು. ಕಸಾಯಿಗಳು ಅಂಗಡಿಯ ಬಾಗಿಲಲ್ಲೇ ಕೊಯ್ದು ದಾರಿಯನ್ನು ರಕ್ತ, ಸಗಣಿಯಿಂದ ಹೊಲಸು ಮಾಡಬಾರದು. ಸುಮಾರು 1100ರ ಹೊತ್ತಿಗೆ ಸ್ಪೇನಿನ ಇಶ್‌ಬೀಲಿಯಾದಲ್ಲಿ, ಅಂದರೆ ಇಂದಿನ ಸೆವಿಲ್ಲೆಯಲ್ಲಿ, ಇಬ್ನ್ ಅಬ್ದೂನ್ ಕೂಡಾ ಇಂಥದೇ ಕೃತಿ ರಚಿಸಿದರು. ನದಿಯಿಂದ ಕುಡಿಯುವ ನೀರು ಹೊರುವವರಿಗೆ ಪ್ರತ್ಯೇಕ ಜಾಗವಿರಬೇಕು, ಅದರ ಬಳಿ ಕೊಳೆ ಬಟ್ಟೆ ಒಗೆಯಬಾರದು ಎಂಬುದು ಅವರ ನಿಯಮಗಳಲ್ಲಿ ಒಂದು.

ಈ ಕೃತಿಗಳನ್ನು ಬರೆದವರಿಗೆ ಪರಿಸರ ಎಂಬ ಪದ ಇಂದಿನ ಅರ್ಥದಲ್ಲಿ ಗೊತ್ತಿರಲಿಲ್ಲ. ದಾರಿಯಿಂದ ತೊಂದರೆಯನ್ನು ಸರಿಸುವುದು ಈಮಾನಿನ ಒಂದು ಶಾಖೆ ಎಂಬುದು ಗೊತ್ತಿತ್ತು. ಕೊಳ್ಳುವಿಕೆಯಿಂದ ದಾರಿಗೂ ನೀರಿಗೂ ತೊಂದರೆ ಬರಬಾರದೆಂದು ಅವರು ಕಟ್ಟುನಿಟ್ಟು ಮಾಡಿದರು.

ಅಂಗಡಿಯವನೇ ಕೊಟ್ಟ ಚೀಲ

ಗ್ರಾಹಕನಿಗೆ ಅಂಗಡಿಯವನೇ ಚೀಲ ಕೊಡುವ ಪದ್ಧತಿ ಹೊಸದೆಂದು ನಾವು ತಿಳಿದಿರಬಹುದು. ಅದು ಸಾವಿರ ವರ್ಷ ಹಳೆಯದು. ಪಾರಸಿ ಕವಿ, ಪ್ರವಾಸಿ ನಾಸಿರ್ ಖುಸ್ರೋ 1047ರಲ್ಲಿ ಈಜಿಪ್ಟಿಗೆ ಬಂದರು. ಹಳೆಯ ಕೈರೋದ ಪೇಟೆಯನ್ನು ಕಂಡು ಬೆರಗಾದ ಅವರು ತಮ್ಮ ಪ್ರವಾಸಕಥನದಲ್ಲಿ ಒಂದು ಸಣ್ಣ ವಿವರವನ್ನು ದಾಖಲಿಸಿದ್ದಾರೆ. ಅಲ್ಲಿನ ದಿನಸಿಯವರು, ಔಷಧಿ ವ್ಯಾಪಾರಿಗಳು ತಾವು ಮಾರುವ ಸರಕಿಗೆ ಗಾಜಿನದೋ ಮಣ್ಣಿನದೋ ಪಾತ್ರೆಯನ್ನು, ಇಲ್ಲವೇ ಕಾಗದವನ್ನು ತಾವೇ ಒದಗಿಸುತ್ತಿದ್ದರು. ಕೊಳ್ಳುವವರು ಮನೆಯಿಂದ ಪಾತ್ರೆ ಒಯ್ಯಬೇಕಾಗಿರಲಿಲ್ಲ. ಅದೇ ಪೇಟೆಯಲ್ಲಿ ಗ್ರಾಹಕನಿಗೆ ಮೋಸ ಮಾಡಿ ಸಿಕ್ಕಿಬಿದ್ದ ವ್ಯಾಪಾರಿಯನ್ನು ಒಂಟೆಯ ಮೇಲೆ ಕೂರಿಸಿ, ಕೈಗೆ ಗಂಟೆ ಕೊಟ್ಟು, ತನ್ನ ತಪ್ಪನ್ನು ತಾನೇ ಸಾರುತ್ತಾ ಊರೆಲ್ಲಾ ಸುತ್ತುವಂತೆ ಮಾಡಲಾಗುತ್ತಿತ್ತು ಎಂದೂ ಅವರು ಬರೆದಿದ್ದಾರೆ.

ಹಾಗಾದರೆ ಕೈರೋದ ಆ ಚೀಲಕ್ಕೂ ನಮ್ಮ ಇಂದಿನ ಚೀಲಕ್ಕೂ ವ್ಯತ್ಯಾಸವೇನು? ಆ ಕಾಗದ ಮರ ಕಡಿದು ಮಾಡಿದ್ದಲ್ಲ. ಚೀನಾದಲ್ಲಿ ಹುಟ್ಟಿದ ಕಾಗದದ ವಿದ್ಯೆ 8ನೇ ಶತಮಾನದಲ್ಲಿ ಸಮರ್ಕಂದಿನ ದಾರಿಯಾಗಿ ಮುಸ್ಲಿಮ್ ಜಗತ್ತಿಗೆ ಬಂತು. ಅದೇ ಶತಮಾನದ ಕೊನೆಗೆ ಬಗ್ದಾದಿನಲ್ಲಿ ಕಾಗದ ತಯಾರಿಕೆ ಶುರುವಾಯಿತು. ಇಲ್ಲಿನ ಕುಶಲಕರ್ಮಿಗಳಿಗೆ ಮುಖ್ಯ ಕಚ್ಚಾವಸ್ತುವಾಗಿದ್ದದ್ದು ಹರಿದ ನಾರುಬಟ್ಟೆ ಮತ್ತು ಹಳೆಯ ಹಗ್ಗ. ಅವನ್ನು ನೆನೆಸಿ, ಸುಣ್ಣದ ನೀರಿನಲ್ಲಿ ಹದಗೊಳಿಸಿ, ಕುಟ್ಟಿ ಹಾಳೆ ಮಾಡುತ್ತಿದ್ದರು. ಉಟ್ಟು ಹಳತಾದ ಬಟ್ಟೆ ಕಾಗದವಾಗಿ, ಕಾಗದ ಪುಸ್ತಕವಾಗಿ, ಪತ್ರವಾಗಿ, ಕೊನೆಗೆ ಜೀರಿಗೆಯ ಪೊಟ್ಟಣವಾಗಿ ಮಣ್ಣಿಗೆ ಸೇರುತ್ತಿತ್ತು.

ಈ ಕಚ್ಚಾವಸ್ತುವಿಗೆ ಎಷ್ಟು ಬೇಡಿಕೆಯಿತ್ತೆಂದರೆ, 1200ರ ಆಸುಪಾಸಿನಲ್ಲಿ ಈಜಿಪ್ಟಿನಲ್ಲಿದ್ದ ವೈದ್ಯ ಅಬ್ದುಲ್ಲತೀಫ್ ಬಗ್ದಾದಿ ಒಂದು ವಿಚಿತ್ರ ಸಂಗತಿಯನ್ನು ದಾಖಲಿಸಿದ್ದಾರೆ. ಜನ ಪ್ರಾಚೀನ ಗೋರಿಗಳನ್ನು ಅಗೆದು ಶವಗಳಿಗೆ ಸುತ್ತಿದ್ದ ನಾರುಬಟ್ಟೆಯನ್ನು ಬಿಚ್ಚಿ ಕಾಗದದವರಿಗೆ ಮಾರುತ್ತಿದ್ದರು. ಆ ಕಾಗದ ದಿನಸಿ ಅಂಗಡಿಗಳಿಗೆ ಹೋಗುತ್ತಿತ್ತು. ಗೋರಿ ಅಗೆಯುವುದನ್ನು ಯಾರೂ ಮೆಚ್ಚಲಾರರು. ಸುಲಭದ ಚೀಲದ ಆಸೆ ಮನುಷ್ಯನನ್ನು ಎಲ್ಲಿಯವರೆಗೆ ಒಯ್ಯಬಲ್ಲದು ಎಂಬುದಕ್ಕೆ ಇದು ಹಳೆಯ ಸಾಕ್ಷಿ.

ಮಂಗಳೂರಿಗೆ ಬಂದ ಒಡೆದ ಪಾತ್ರೆಗಳು

ಇದೇ ಕೈರೋದಿಂದ ನಮ್ಮ ಕರಾವಳಿಗೆ ಒಂದು ನೇರ ಎಳೆಯಿದೆ. ಹಳೆಯ ಕೈರೋದ ಯೆಹೂದಿ ಆರಾಧನಾಲಯದ ಉಗ್ರಾಣದಲ್ಲಿ ಬಳಸಿ ಬಿಟ್ಟ ಕಾಗದಗಳ ದೊಡ್ಡ ರಾಶಿಯೇ ಉಳಿದಿತ್ತು. ‘ಗೆನೀಝಾ’ ಎಂದು ಹೆಸರಾದ ಆ ಸಂಗ್ರಹದಲ್ಲಿ ಅಬ್ರಹಾಮ್ ಬೆನ್ ಯಿಜು ಎಂಬ ವ್ಯಾಪಾರಿಯ ಪತ್ರಗಳಿವೆ. ಟ್ಯುನೀಶಿಯಾ ಮೂಲದ ಈ ಯೆಹೂದಿ ವ್ಯಾಪಾರಿ 1132ರಿಂದ 1149ರವರೆಗೆ ಬಹುಕಾಲ ಮಂಗಳೂರು ಮತ್ತು ಮಲಬಾರ್ ಕರಾವಳಿಯಲ್ಲಿ ನೆಲೆಸಿದ್ದ. ಇಲ್ಲಿ ಅವನದೊಂದು ಕಂಚು, ತಾಮ್ರದ ಪಾತ್ರೆಗಳ ಕಾರ್ಖಾನೆಯಿತ್ತು.

ಆ ಪತ್ರಗಳಲ್ಲಿ ನಮ್ಮ ವಿಷಯಕ್ಕೆ ಬೇಕಾದದ್ದು ಏಡನ್‌ನಿಂದ ಬರುತ್ತಿದ್ದ ಬೇಡಿಕೆಗಳು. ಅಲ್ಲಿನ ಸ್ನೇಹಿತರು ತಮ್ಮ ಮನೆಯ ಒಡೆದ, ಹಳೆಯ ಪಾತ್ರೆಗಳನ್ನು ಹಡಗಿನಲ್ಲಿ ಅರಬಿ ಸಮುದ್ರ ದಾಟಿಸಿ ಇಲ್ಲಿಗೆ ಕಳಿಸುತ್ತಿದ್ದರು. ಇದರ ತಾಮ್ರದಿಂದ ಇಂಥ ಅಳತೆಯ ಹೊಸ ಪಾತ್ರೆ ಮಾಡಿಸಿ ಕಳಿಸು ಎಂದು ತೂಕ ಸಮೇತ ಬರೆಯುತ್ತಿದ್ದರು. ಅವರ ಅಡುಗೆಮನೆಯಲ್ಲಿ ಹಳೆಯ ಬಟ್ಟಲು ಎಂಬುದು ಕಸವಾಗಿರಲಿಲ್ಲ. ಅದು ಮುಂದಿನ ಬಟ್ಟಲಿನ ಬಂಡವಾಳವಾಗಿತ್ತು.

ಈ ಬದುಕು ನಮ್ಮ ಹಿರಿಯರ ಕಾಲದವರೆಗೂ ಮುಂದುವರಿಯಿತು. ಬೀದಿಯಲ್ಲಿ ಕುಲುಮೆ ಹೂಡಿ ತಾಮ್ರದ ಬಿರಿಯಾನಿ ದೇಗ್‌ಗಳಿಗೆ ಕಲಾಯಿ ಹಾಕುತ್ತಿದ್ದವರು, ಗಂಟುಗಟ್ಟಿದ ಹಾಸಿಗೆಯ ಹತ್ತಿಯನ್ನು ಬಿಲ್ಲಿನಿಂದ ಹಿಂಜಿ ಹೊಸತರಂತೆ ಮಾಡಿಕೊಡುತ್ತಿದ್ದ ಪಿಂಜಾರರು, ನದಾಫರು ನಮ್ಮ ಸಮುದಾಯದವರೇ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಲುಂಗಿ, ಅಂಗಿಗಳನ್ನು ಸೇರಿಸಿ ಹೆಂಗಸರು ಕೌದಿ ಹೊಲಿದರು. ಕರಾವಳಿಯಲ್ಲಿ ಅಕ್ಕಿ ಬಂದದ್ದು ಬೈಹುಲ್ಲಿನ ಮುಡಿಯಲ್ಲಿ. ಮುಡಿ ಬಿಚ್ಚಿದ ಮೇಲೆ ಆ ಹುಲ್ಲು ದನದ ಕೊಟ್ಟಿಗೆಗೋ ಒಲೆಗೋ ಹೋಗುತ್ತಿತ್ತು. ಮಾಂಸ, ಮೀನಿಗೆ ತೇಗದ ಎಲೆ, ಮಲ್ಲಿಗೆಗೆ ಬಾಳೆ ಎಲೆ ಮತ್ತು ಬಾಳೆ ನಾರು, ಬೆಲ್ಲಕ್ಕೆ ಒಣಗಿದ ಓಲೆ, ಎಣ್ಣೆಗೆ ಮನೆಯದೇ ಕುಪ್ಪಿ. ಇವರ್‍ಯಾರೂ ಪರಿಸರದ ಭಾಷಣ ಕೇಳಿದವರಲ್ಲ. ಬಡತನವೂ ಅವರಿಗೆ ಇದನ್ನು ಕಲಿಸಿತ್ತು ಎಂಬುದನ್ನು ಮರೆಯಬಾರದು. ಬಡತನ ಮರಳಲಿ ಎಂದು ಯಾರೂ ಬಯಸುವುದಿಲ್ಲ. ಆದರೆ ಆ ಜಾಣ್ಮೆ ಬಡತನದ ಜೊತೆಗೇ ಹೋಗಬೇಕಾಗಿರಲಿಲ್ಲ.

ಅರವತ್ತು ವರ್ಷಗಳಲ್ಲಿ ಆದ ಬದಲಾವಣೆ

1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್‌ನ ಪ್ರಯೋಗಾಲಯವೊಂದರಲ್ಲಿ ಪಾಲಿಥೀನ್ ಆಕಸ್ಮಿಕವಾಗಿ ಸಿಕ್ಕಿತು. ಅದರಿಂದ ಹಿಡಿಕೆಯಿರುವ ತೆಳು ಚೀಲವನ್ನು ರೂಪಿಸಿದವರು ಸ್ವೀಡನ್ನಿನ ಸ್ಟೆನ್ ಗುಸ್ತಾಫ್ ಥುಲಿನ್. 1965ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಕಾಗದದ ಚೀಲಕ್ಕಾಗಿ ಕಾಡು ಕಡಿಯುವುದನ್ನು ತಪ್ಪಿಸಲು, ಒಂದೇ ಚೀಲವನ್ನು ಮತ್ತೆ ಮತ್ತೆ ಬಳಸಲೆಂದೇ ಥುಲಿನ್ ಇದನ್ನು ಮಾಡಿದರು, ಸ್ವತಃ ಜೇಬಿನಲ್ಲಿ ಒಂದನ್ನು ಮಡಚಿ ಇಟ್ಟುಕೊಳ್ಳುತ್ತಿದ್ದರು ಎಂದು ಅವರ ಮಗ ಹೇಳಿದ್ದಾರೆ. ಹಾಗಾಗಿ ದೋಷವನ್ನೆಲ್ಲಾ ವಸ್ತುವಿನ ಮೇಲೆ ಹೊರಿಸುವುದು ಸರಿಯಲ್ಲ. ವರ್ಷಗಟ್ಟಲೆ ಬಾಳುವ ವಸ್ತುವನ್ನು ಅಂಗಡಿಯಿಂದ ಮನೆಯವರೆಗಿನ ಹದಿನೈದು ನಿಮಿಷಕ್ಕೆ ಬಳಸಿ ಎಸೆಯುವ ರೂಢಿಯೇ ದೋಷ. ಅರಬಿಯಲ್ಲಿ ಇದಕ್ಕೆ ‘ಇಸ್ರಾಫ್’ ಎಂದೇ ಹೆಸರು.

ಪೊಟ್ಟಣ ಕಟ್ಟಿದ ಸರಕು ನಮ್ಮ ಮನೆಗಳನ್ನು ಗೆದ್ದದ್ದಕ್ಕೆ ಇನ್ನೊಂದು ಕಾರಣವಿದೆ. ಬಿಡಿ ಮೆಣಸಿನ ಪುಡಿಯಲ್ಲಿ ಇಟ್ಟಿಗೆ ಪುಡಿ ಇದೆಯೋ, ಎಣ್ಣೆಯಲ್ಲಿ ಬೇರೆ ಎಣ್ಣೆ ಬೆರೆತಿದೆಯೋ ಎಂಬ ಭಯ. ಮುಹ್ತಸಿಬ್ ಇಲ್ಲದ ಪೇಟೆಯಲ್ಲಿ ಪೊಟ್ಟಣದ ಮೇಲಿನ ಮುದ್ರೆಯೇ ಮುಹ್ತಸಿಬ್ ಆಯಿತು. ತಾಯಂದಿರು ಪೊಟ್ಟಣವನ್ನು ಆರಿಸಿಕೊಂಡದ್ದು ಸೋಮಾರಿತನದಿಂದಲ್ಲ, ಮಕ್ಕಳ ಹೊಟ್ಟೆಯ ಕಾಳಜಿಯಿಂದ. ಆದ್ದರಿಂದ ಬಿಡಿ ಸರಕಿಗೆ ಮರಳಿ ಎಂದು ಗೃಹಿಣಿಯರಿಗಷ್ಟೇ ಉಪದೇಶಿಸಿದರೆ ಸಾಲದು. ರಾಶಿಯ ಒದ್ದೆ ಕಾಳನ್ನು ಮೇಲಿಡುವ ವ್ಯಾಪಾರಿಯೂ ಬೇಕು. ನಮ್ಮಲ್ಲಿ ದಿನಸಿ, ಮಾಂಸ, ಮೀನು, ಹಣ್ಣಿನ ವ್ಯಾಪಾರಿಗಳು ಸಾಕಷ್ಟಿದ್ದಾರೆ. ಸತ್ಯವಂತ ವ್ಯಾಪಾರಿಗೆ ಪ್ರವಾದಿಗಳ, ಹುತಾತ್ಮರ ಸಾಮೀಪ್ಯದ ಶುಭವಾರ್ತೆಯಿದೆ. ಪ್ಲಾಸ್ಟಿಕ್ಕನ್ನು ಕಡಿಮೆ ಮಾಡುವ ದಾರಿ ಈ ಪ್ರಾಮಾಣಿಕತೆಯ ಮೂಲಕವೇ ಹೋಗುತ್ತದೆ.

ಮರಳಿ ಹೊರಟವರು

ತೆಳು ಪ್ಲಾಸ್ಟಿಕ್ ಚೀಲವನ್ನು ಇಡೀ ದೇಶದಲ್ಲಿ ನಿಷೇಧಿಸಿದ ಜಗತ್ತಿನ ಮೊದಲ ದೇಶ ಬಾಂಗ್ಲಾದೇಶ. ಅದು 2002ರಲ್ಲಿ. 1988 ಮತ್ತು 1998ರ ಭೀಕರ ನೆರೆಗಳಲ್ಲಿ ಚರಂಡಿಗಳಿಗೆ ಚೀಲಗಳು ಸಿಕ್ಕಿಕೊಂಡು ನೀರು ಇಳಿಯದೆ ಉಳಿದದ್ದು ಅಲ್ಲಿನ ಜನರ ಕಣ್ಣು ತೆರೆಸಿತ್ತು. ಮಾರಿಟೇನಿಯಾ 2013ರಲ್ಲಿ ನಿಷೇಧ ತಂದಿತು. ಅಲ್ಲಿ ಕಾರಣ ಜಾನುವಾರು: ರಾಜಧಾನಿ ನೌಕ್‌ಚೋಟ್‌ನಲ್ಲಿ ಸಾಯುವ ದನ, ಕುರಿಗಳಲ್ಲಿ ಬಹುಪಾಲಿನ ಸಾವಿಗೆ ನುಂಗಿದ ಪ್ಲಾಸ್ಟಿಕ್ ಕಾರಣವೆಂದು ಸರಕಾರ ಹೇಳಿತ್ತು. ಮೊರಾಕ್ಕೋ 2016ರ ಜುಲೈ 1ರಿಂದ ಚೀಲಗಳನ್ನು ನಿಷೇಧಿಸಿತು. ಇಂಡೋನೇಶ್ಯಾದ ಉಲಮಾ ಮಂಡಳಿ 2014ರಲ್ಲಿ ಕಸ ನಿರ್ವಹಣೆಯ ಕುರಿತೇ ಫತ್ವಾ ಹೊರಡಿಸಿತು. 2019ರ ಬಕ್ರೀದ್‌ನಲ್ಲಿ ಜಕಾರ್ತಾದಲ್ಲಿ ಖುರ್ಬಾನಿಯ ಮಾಂಸವನ್ನು ಪ್ಲಾಸ್ಟಿಕ್ಕಿನ ಬದಲು ‘ಬೆಸೆಕ್’ ಎಂಬ ಬಿದಿರ ಬುಟ್ಟಿಗಳಲ್ಲಿ ಹಂಚಲು ಆಡಳಿತ ಕರೆ ನೀಡಿತು.

ನಮ್ಮ ಕರ್ನಾಟಕವೂ ಹಿಂದೆ ಬಿದ್ದಿರಲಿಲ್ಲ. 2016ರ ಮಾರ್ಚ್‌ನಲ್ಲೇ ರಾಜ್ಯ ಸರಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ, ಊಟದ ಮೇಜಿಗೆ ಹಾಸುವ ಹಾಳೆ ಮುಂತಾದವನ್ನು ನಿಷೇಧಿಸಿ ಅಧಿಸೂಚನೆ ಹೊರಡಿಸಿತು. ದೇಶಮಟ್ಟದಲ್ಲಿ ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳ ನಿಷೇಧ 2022ರ ಜುಲೈ 1ರಿಂದ ಜಾರಿಗೆ ಬಂತು. ಆದರೂ ಮೀನು ಮಾರುಕಟ್ಟೆಯಲ್ಲಿ, ತರಕಾರಿ ಗಾಡಿಯಲ್ಲಿ, ನಮ್ಮದೇ ನಿಕಾಹ್, ವಲೀಮಾಗಳ ಊಟದ ಪಂಕ್ತಿಯಲ್ಲಿ ಅವೇ ವಸ್ತುಗಳು ಕಾಣುತ್ತವೆ. ಕಾನೂನು ಅಂಗಡಿಯವರೆಗೆ ಬರಬಲ್ಲದು. ಚೀಲ ಬೇಡ ಎನ್ನುವ ಮಾತು ಕೊಳ್ಳುವವರ ಬಾಯಿಂದಲೇ ಬರಬೇಕು.

ಆ ಮಾತಿಗೆ ಬಲವಿದೆ. 8ನೇ ಶತಮಾನದ ಸೂಫಿ ಇಬ್ರಾಹೀಮ್ ಇಬ್ನ್ ಅದ್‌ಹಮ್(ರ.ಅ)ರ ಬಳಿ ಜನರು ಮಾಂಸದ ಬೆಲೆ ಏರಿದೆಯೆಂದು ದೂರಿದಾಗ, ನೀವೇ ಅದನ್ನು ಅಗ್ಗ ಮಾಡಿ ಎಂದರಂತೆ. ಅದು ಹೇಗೆ ಎಂದು ಕೇಳಿದರೆ, ಕೊಳ್ಳುವುದನ್ನು ಬಿಡಿ ಎಂದರಂತೆ. ಪೇಟೆಗೆ ಏನು ಬರಬೇಕೆಂಬುದನ್ನು ವ್ಯಾಪಾರಿ ಒಬ್ಬನೇ ತೀರ್ಮಾನಿಸುವುದಿಲ್ಲ. ಹತ್ತು ಮನೆಯವರು ಡಬ್ಬಿ ಹಿಡಿದು ಬಂದರೆ ಮೀನಿನವನು ಹನ್ನೊಂದನೆಯವರಿಗೂ ಡಬ್ಬಿ ತನ್ನಿ ಎನ್ನುತ್ತಾನೆ.

ನಮ್ಮ ಮನೆಯ ಲೆಕ್ಕ

ಈ ಇತಿಹಾಸದಿಂದ ನಮ್ಮ ಮನೆಗೆ ತೆಗೆದುಕೊಳ್ಳಬಹುದಾದ ಪಾಠಗಳು ದೊಡ್ಡವೇನಲ್ಲ. ಪೇಟೆಗೆ ಹೊರಡುವ ಮೊದಲು ಡಬ್ಬಿಗಳನ್ನು ತೆರೆದು ನೋಡಿ ಚೀಟಿ ಬರೆಯುವುದು ಮುದ್ದ್, ಸಾಅ್‌ಗಳ ಕಾಲದ ಅಭ್ಯಾಸ. ಅಕ್ಕಿ, ಬೇಳೆ, ಸಕ್ಕರೆಯನ್ನು ಸಣ್ಣ ಸಣ್ಣ ಪೊಟ್ಟಣಗಳಲ್ಲಿ ವಾರವಾರ ತರುವ ಬದಲು, ಕೈಯಲ್ಲಿ ಹಣವಿದ್ದಾಗ ತಿಂಗಳಿಗಾಗುವಷ್ಟು ಒಮ್ಮೆಲೇ ತಂದರೆ ಖರ್ಚೂ ಕಡಿಮೆ, ಕಸವೂ ಕಡಿಮೆ. ಅಷ್ಟು ಹಣ ಒಟ್ಟಿಗೆ ಇಲ್ಲದ ಮನೆಗಳು ಎರಡು ಮೂರು ಕೂಡಿ ಒಂದು ಮೂಟೆ ತಂದು ಅಳೆದು ಹಂಚಿಕೊಳ್ಳಬಹುದು. ಮಾಂಸ, ಮೀನಿಗೆ ಮುಚ್ಚಳವಿರುವ ಸ್ಟೀಲ್ ಡಬ್ಬಿ, ತರಕಾರಿಗೆ ಬಟ್ಟೆಯ ಕೈಚೀಲ ಸ್ಕೂಟರಿನಲ್ಲೇ ಇರಲಿ. ಡಬ್ಬಿಯ ತೂಕವನ್ನು ಮೊದಲೇ ಕಳೆಯಲು ವ್ಯಾಪಾರಿಗೆ ಹೇಳಿದರೆ ಅಳತೆಯಲ್ಲಿ ಇಬ್ಬರಿಗೂ ಅನ್ಯಾಯವಾಗುವುದಿಲ್ಲ.

ಬಟ್ಟೆಯ ಚೀಲದ ವಿಷಯದಲ್ಲೂ ಒಂದು ಎಚ್ಚರ ಬೇಕು. ಹತ್ತಿ ಬೆಳೆಯಲು, ನೇಯಲು ನೀರು, ವಿದ್ಯುತ್ ಖರ್ಚಾಗುತ್ತದೆ. ಬ್ರಿಟನ್ನಿನ ಪರಿಸರ ಸಂಸ್ಥೆ 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಭೂಮಿಯ ತಾಪದ ಲೆಕ್ಕದಲ್ಲಿ ಒಂದು ಹತ್ತಿ ಚೀಲ, ಒಮ್ಮೆ ಬಳಸಿ ಎಸೆಯುವ ತೆಳು ಚೀಲಕ್ಕೆ ಸಮನಾಗಬೇಕಾದರೆ ಅದನ್ನು 131 ಬಾರಿ ಬಳಸಬೇಕು. ವಾರಕ್ಕೊಮ್ಮೆ ಸಂತೆಗೆ ಒಯ್ದರೆ ಎರಡೂವರೆ ವರ್ಷ. ಮದುವೆಗಳಲ್ಲಿ ಸಿಕ್ಕಿದ ಬಟ್ಟೆಯ ಚೀಲಗಳನ್ನು ಕಪಾಟಿನಲ್ಲಿ ರಾಶಿ ಹಾಕಿ ಇನ್ನೊಂದನ್ನು ಕೊಂಡರೆ ಅದೂ ಇಸ್ರಾಫ್ ಆಗುತ್ತದೆ. ಹಳೆಯ ಲುಂಗಿಯಿಂದ, ಚೂಡಿದಾರದಿಂದ ಮನೆಯಲ್ಲೇ ಹೊಲಿದ ಚೀಲ ಎಲ್ಲಕ್ಕಿಂತ ಮೇಲು. ಆಯಿಶಾರ(ರ) ಮನೆಯ ಪರದೆ ದಿಂಬಾದ ಹಾಗೆ.

ಕೆಲವು ಕೆಲಸಗಳು ಒಂದು ಮನೆಯಿಂದ ಆಗುವವಲ್ಲ, ಜಮಾಅತ್‌ನಿಂದ ಆಗಬೇಕು. ಮಸೀದಿಯಲ್ಲಿ ಐವತ್ತೋ ನೂರೋ ಸ್ಟೀಲ್ ತಟ್ಟೆ, ಲೋಟಗಳ ಒಂದು ಸೆಟ್ ಇದ್ದರೆ ರಮಝಾನಿನ ಇಫ್ತಾರ್‌ಗೂ ಬಡ ಕುಟುಂಬದ ನಿಕಾಹ್‌ಗೂ ಉಪಯೋಗಕ್ಕೆ ಬರುತ್ತದೆ. ಅಂಥ ಸೆಟ್ಟನ್ನು ವಕ್ಫ್ ಆಗಿ ಕೊಡುವವರಿಗೆ ಅದು ಬಳಕೆಯಲ್ಲಿರುವಷ್ಟು ಕಾಲ ಪುಣ್ಯ ಹರಿಯುವ ಸದಕಾ ಜಾರಿಯಾ ಆಗಬಲ್ಲದು. ಬಕ್ರೀದ್‌ಗೆ ಮೊದಲಿನ ಜುಮಾದಲ್ಲಿ, ಮಾಂಸ ಪಡೆಯಲು ಬರುವವರು ಪಾತ್ರೆ ತನ್ನಿ ಎಂದು ಒಂದು ಮಾತು ಹೇಳಿದರೂ ಸಾಕು. ಈದ್‌ನ ಮರುದಿನ ಮೊಹಲ್ಲಾದ ಚರಂಡಿಯ ಬಾಯಲ್ಲಿ ರಕ್ತಮಯವಾದ ಕವರ್‌ಗಳು ಕಾಣದಿದ್ದರೆ, ನೆರೆಯ ಇತರ ಧರ್ಮೀಯರ ಕಣ್ಣಿಗೆ ನಮ್ಮ ಹಬ್ಬದ ನಿಜವಾದ ಚೆಲುವು ಕಾಣುತ್ತದೆ.

ಬೇರೆ ದಾರಿಯಿಲ್ಲದೆ ಪೊಟ್ಟಣದ ಹಾಲು, ಔಷಧಿ, ಮಗುವಿನ ವಸ್ತುಗಳನ್ನು ಕೊಳ್ಳುವವರು ಮನಸ್ಸು ನೋಯಿಸಿಕೊಳ್ಳಬೇಕಾಗಿಲ್ಲ. ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯಕ್ಕಿಂತ ಹೆಚ್ಚಿನ ಹೊರೆ ಹೊರಿಸುವುದಿಲ್ಲ. ಖರ್ಚು ಮಾಡುವಾಗ ದುಂದೂ ಮಾಡದೆ, ಜಿಪುಣತನವನ್ನೂ ತೋರದೆ ಮಧ್ಯಮ ದಾರಿಯಲ್ಲಿ ನಡೆಯುವವರನ್ನು ‘ಅಲ್‌ಫುರ್ಕಾನ್’ ಅಧ್ಯಾಯ ಪರಮ ದಯಾಮಯನ ದಾಸರೆಂದು ಕರೆದಿದೆ. ನಮ್ಮಿಂದ ಸಾಧ್ಯವಿರುವಲ್ಲಿ ಸಾಧ್ಯವಿರುವಷ್ಟು ಮಾಡುವುದೇ ಆ ದಾರಿ.

ಇಂದಿನ ಪೇಟೆಯಲ್ಲಿ ಮುಹ್ತಸಿಬ್ ಸುತ್ತುವುದಿಲ್ಲ. ಗಂಟೆ ಬಾರಿಸುತ್ತಾ ಒಂಟೆಯ ಮೇಲೆ ಮೆರವಣಿಗೆ ಹೋಗುವ ಶಿಕ್ಷೆಯೂ ಇಲ್ಲ. ಚೀಲ ಹಿಡಿದು ಹೋಗುವ ಪ್ರತಿಯೊಬ್ಬ ತಾಯಿ, ತಂದೆ, ಮಗ, ಮಗಳೇ ಈಗ ತಮ್ಮ ಮನೆಯ ಮುಹ್ತಸಿಬ್. ನಾಳೆ ಗಳಿಕೆಯ ಕುರಿತು ಕೇಳಲಾಗುವಂತೆಯೇ ಖರ್ಚಿನ ಕುರಿತೂ ಕೇಳಲಾಗುವುದೆಂದು ನಾವು ನಂಬಿದ್ದೇವೆ. ಆ ಲೆಕ್ಕವನ್ನು ಅಂಗಡಿಯ ಮುಂದೆಯೇ ಒಮ್ಮೆ ನೋಡಿಕೊಳ್ಳುವ ತೌಫೀಕನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ದಯಪಾಲಿಸಲಿ, ನಮ್ಮ ಮನೆಗಳಲ್ಲಿ ಬರಕತ್ ನೀಡಲಿ. ಆಮೀನ್.